ಭಾಷಾವಿಜ್ಞಾನದ ಸಂಶೋಧನೆ: ಬಲ್ಲವರ ಹತ್ತಿರ ಸಲಹೆ ಕೇಳುವುದು ಹೇಗೆ?

ಭಾಷಾವಿಜ್ಞಾನದಲ್ಲಿ ಒಬ್ಬರೇ ಕೂತು ಮುಗಿಸುವ ಕೆಲಸ ತುಂಬಾ ಕಡಿಮೆ. ವಾಕ್ಯರಚನೆ ಬಲ್ಲವರಿಗೆ ಧ್ವನಿಯ ಅಳತೆ ಅಷ್ಟಾಗಿ ಗೊತ್ತಿರುವುದಿಲ್ಲ. ಧ್ವನಿ ಅಳೆಯುವವರಿಗೆ ಆ ಭಾಷೆಯ ಚರಿತ್ರೆ ತಿಳಿದಿರಬೇಕೆಂದಿಲ್ಲ. ಲೋಕದಲ್ಲಿ ಸುಮಾರು ಏಳು ಸಾವಿರ ಭಾಷೆಗಳಿವೆ. ಅಷ್ಟನ್ನೂ ಬಲ್ಲವರು ಯಾರೂ ಇಲ್ಲ. ಹಾಗಾಗಿ ಕೇಳಲೇಬೇಕು.

ಕೇಳಿದರೂ ಉತ್ತರ ಬರುವುದಿಲ್ಲ ಅನ್ನುವುದು ಹೊಸ ಸಂಶೋಧಕರ ಸಾಮಾನ್ಯ ಕೊರಗು. ಹೆಚ್ಚಿನ ಸಲ ತೊಂದರೆ ಇರುವುದು ಉತ್ತರ ಕೊಡುವವರ ಮನಸ್ಸಿನಲ್ಲಲ್ಲ, ಪ್ರಶ್ನೆಯಲ್ಲಿ. ನಾನು ಇಲ್ಲಿ ಒತ್ತಿ ಹೇಳುವ ಮಾತು ಒಂದೇ: ಪ್ರಶ್ನೆಯ ಜೊತೆ ಡೇಟಾ ಇರಲಿ. ಎರಡು ವಾಕ್ಯ ಮುಂದಿಟ್ಟು ಕೇಳಿದರೆ ಯಾವ ಭಾಷಾವಿಜ್ಞಾನಿಗೂ ಸುಮ್ನೆ ಇರುವುದು ಕಷ್ಟ. ಬರೀ ವಿಷಯದ ಹೆಸರು ಹೇಳಿ ಸಲಹೆ ಕೇಳಿದರೆ ಎಷ್ಟೇ ಒಳ್ಳೆಯವರಿಗೂ ಎಲ್ಲಿಂದ ಶುರುಮಾಡಬೇಕು ಅಂತ ತಿಳಿಯುವುದಿಲ್ಲ.

1. ನಿಮ್ಮದು ಯಾವ ಬಗೆಯ ಪ್ರಶ್ನೆ?

‘ನಾನು ಚತುರ್ಥಿ ಕರ್ತೃಗಳ ಮೇಲೆ ಕೆಲಸ ಮಾಡುತ್ತಿದ್ದೇನೆ, ದಯವಿಟ್ಟು ಮಾರ್ಗದರ್ಶನ ಮಾಡಿ.’ (‘ನನಗೆ ಹಸಿವಾಗಿದೆ’ ಅನ್ನುವಾಗಿನ ‘ನನಗೆ’ ಇದೆಯಲ್ಲ, ಅಂಥವನ್ನು ಚತುರ್ಥಿ ಕರ್ತೃ ಅನ್ನುತ್ತಾರೆ.) ಇದು ಪ್ರಶ್ನೆಯಲ್ಲ. ಇದರೊಳಗೆ ನಾಲ್ಕೈದು ಪ್ರಶ್ನೆಗಳು ಅಡಗಿರಬಹುದು, ಅವುಗಳನ್ನು ಹೊರಗೆ ತೆಗೆಯಬೇಕಾದವರು ನೀವೇ.

ಸಂಗತಿ ಬೇಕಾ? ಅಂದರೆ ‘ಇಂಥ ಭಾಷೆಯಲ್ಲಿ ಇಂಥ ರಚನೆ ಇದೆಯಾ?’ ವಿಧಾನ ಬೇಕಾ? ‘ಇದನ್ನು ಪರೀಕ್ಷಿಸಲು ಎಂಥ ಪ್ರಯೋಗ ಸರಿ?’ ವಿಶ್ಲೇಷಣೆ ಬೇಕಾ? ‘ಈ ಡೇಟಾಗೆ ನಾನು ಕೊಟ್ಟ ವಿವರಣೆ ನಿಲ್ಲುತ್ತಾ?’ ಅಥವಾ ದಾರಿ ಬೇಕಾ? ‘ಈ ವಿಷಯ ಥೀಸಿಸ್ ಆಗುವಷ್ಟು ದೊಡ್ಡದಾ?’ ಇವು ಬೇರೆಬೇರೆ ಜನರಿಗೆ ಹೋಗಬೇಕಾದ ಪ್ರಶ್ನೆಗಳು. ಕೊನೆಯದನ್ನು ನಿಮ್ಮ ಗೈಡ್ ಹತ್ತಿರ, ಜೊತೆಯ ಸಂಶೋಧಕರ ಹತ್ತಿರ ಮಾತಾಡಿ. ನಿಮ್ಮ ಪರಿಚಯವೇ ಇಲ್ಲದವರಿಗೆ ಅದನ್ನು ಹೇಳಲು ಬರುವುದಿಲ್ಲ.

ಒಂದು ಸುಲಭದ ಪರೀಕ್ಷೆ ಇದೆ. ಉತ್ತರ ‘ಹೌದು’ ಅಂತ ಬಂದರೆ ಏನು ಮಾಡುತ್ತೀರಿ, ‘ಇಲ್ಲ’ ಅಂತ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ನಿಮ್ಮ ಮುಂದಿನ ಹೆಜ್ಜೆ ಒಂದೇ ಆಗಿದ್ದರೆ ಆ ಪ್ರಶ್ನೆ ಇನ್ನೂ ಹಣ್ಣಾಗಿಲ್ಲ.

2. ಕೇಳುವ ಮೊದಲು ಹುಡುಕಿ

ಹತ್ತು ನಿಮಿಷದಲ್ಲಿ ಸಿಗುವ ಸಂಗತಿಗೆ ಇನ್ನೊಬ್ಬರ ಸಮಯ ತೆಗೆದುಕೊಳ್ಳುವುದು ಬೇಡ. ನಮ್ಮ ಕ್ಷೇತ್ರದಲ್ಲಿ ಉಚಿತವಾಗಿ ಸಿಗುವ ಆಕರಗಳು ಜಾಸ್ತಿನೇ ಇವೆ. ವಾಲ್ಸ್ ಅಂತ ಕರೆಯುವ ಭಾಷಾರಚನೆಗಳ ಅಟ್ಲಾಸ್ 2005ರಲ್ಲಿ ಬಂತು. 2,600ಕ್ಕೂ ಹೆಚ್ಚು ಭಾಷೆಗಳ ಮಾಹಿತಿ ಅದರಲ್ಲಿದೆ. 2023ರಲ್ಲಿ ಬಂದ ಗ್ರಾಂಬ್ಯಾಂಕ್ 195 ವ್ಯಾಕರಣ ಲಕ್ಷಣಗಳನ್ನು 2,400ಕ್ಕೂ ಹೆಚ್ಚು ಭಾಷೆಗಳಲ್ಲಿ ಗುರುತಿಸಿದೆ. ಒಂದು ಭಾಷೆಯ ಮೇಲೆ ಯಾರು ಏನು ಬರೆದಿದ್ದಾರೆ ಅಂತ ತಿಳಿಯಲು ಗ್ಲಾಟೊಲಾಗ್ ಇದೆ. ಧ್ವನಿಗಳ ಪಟ್ಟಿಗೆ ಫೊಯ್ಬಲ್ ಇದೆ.

ಇವನ್ನು ನೋಡುವಾಗ ಒಂದು ಎಚ್ಚರ ಬೇಕು. ವಾಲ್ಸ್‌ನಲ್ಲಿ ಎಲ್ಲ ಭಾಷೆಗೂ ಎಲ್ಲ ಲಕ್ಷಣ ತುಂಬಿಲ್ಲ. ಒಂದು ಭಾಷೆಯ ಎದುರು ಖಾಲಿ ಇದ್ದರೆ ಆ ರಚನೆ ಇಲ್ಲ ಅಂತಲ್ಲ, ಯಾರೂ ಗುರುತು ಹಾಕಿಲ್ಲ ಅಂತ. ಇನ್ನು ‘ಇದೆ’ ಅಂತ ಗುರುತಿದ್ದರೆ ಅದರ ಹಿಂದಿನ ವ್ಯಾಕರಣ ಪುಸ್ತಕ ತೆರೆದು ನೋಡಿ. ಅಟ್ಲಾಸ್ ತಯಾರಿಸಿದವರು ಓದಿದ್ದೂ ಅದನ್ನೇ.

ಹೀಗೆ ಹುಡುಕಿದ್ದು ದಂಡವಾಗುವುದಿಲ್ಲ. ‘ಇಂಥ ವ್ಯಾಕರಣದ ಇಂಥ ಅಧ್ಯಾಯ ನೋಡಿದೆ, ಅಲ್ಲಿ ಸಜೀವ ನಾಮಪದಗಳ ಉದಾಹರಣೆ ಮಾತ್ರ ಇವೆ’ ಅಂತ ಬರೆದರೆ ಓದುವವರಿಗೆ ನಿಮ್ಮ ಪ್ರಶ್ನೆಯ ತುದಿ ಎಲ್ಲಿದೆ ಅಂತ ತಕ್ಷಣ ಗೊತ್ತಾಗುತ್ತದೆ.

3. ಡೇಟಾ ಸಿದ್ಧಮಾಡಿಕೊಳ್ಳಿ

ಇದೇ ಮುಖ್ಯ ಹೆಜ್ಜೆ. ಹಾಗಾಗಿ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಕನ್ನಡದಲ್ಲಿ ನೆನಪು, ಹಸಿವು, ಭಯ ಇಂಥವುಗಳನ್ನು ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿ ಬರುತ್ತಾರೆ. ಅವರು ವಾಕ್ಯದ ಕರ್ತೃ ಹೌದೋ ಅಲ್ಲವೋ ಅನ್ನುವುದು ಹಳೆಯ ಚರ್ಚೆ. ನೀವು ಇದನ್ನು ಕೇಳಬೇಕು ಅಂದುಕೊಳ್ಳಿ. ಆಗ ಈ ವಾಕ್ಯಗಳನ್ನು ಮುಂದಿಡಿ:

(1) ರಾಜುವಿಗೆ ತನ್ನ ತಂಗಿ ನೆನಪಾದಳು.
(2) *ರಾಜುವಿಗೆ ತನ್ನ ತಂಗಿ ನೆನಪಾದನು.
(3) ಫೋಟೋ ನೋಡಿ ರಾಜುವಿಗೆ ತಂಗಿ ನೆನಪಾದಳು.

ಮೂರೇ ವಾಕ್ಯ, ಆದರೆ ಇಡೀ ಸಮಸ್ಯೆ ಇಲ್ಲಿದೆ. (1)ರಲ್ಲಿ ಕ್ರಿಯಾಪದದ ‘ಅಳು’ ಪ್ರತ್ಯಯ ತಂಗಿಯ ಜೊತೆ ಹೊಂದುತ್ತದೆ. ಅದನ್ನು ರಾಜುವಿನ ಜೊತೆ ಹೊಂದಿಸಲು ಹೋದರೆ (2)ರ ಹಾಗೆ ವಾಕ್ಯ ಕೆಡುತ್ತದೆ. ಅಂದರೆ ಈ ಪರೀಕ್ಷೆಯಲ್ಲಿ ತಂಗಿಯೇ ಕರ್ತೃ. ಆದರೆ ‘ತನ್ನ’ ಅನ್ನುವುದು ರಾಜುವಿಗೆ ಸೇರಿದೆ. (3)ರಲ್ಲಿ ಫೋಟೋ ನೋಡಿದವನೂ ರಾಜುವೇ. ಈ ಎರಡು ಪರೀಕ್ಷೆಗಳು ರಾಜುವಿನ ಕಡೆ ಬೆರಳು ತೋರಿಸುತ್ತವೆ. ಭಾಷಾವಿಜ್ಞಾನಿ ಎಡ್ವರ್ಡ್ ಕೀನನ್ 1976ರಲ್ಲೇ ಕರ್ತೃ ಅನ್ನುವುದು ಒಂದೇ ಗುಣವಲ್ಲ, ಹಲವು ಗುಣಗಳ ಕಂತೆ ಅಂತ ತೋರಿಸಿದ್ದರು. ವಿಭಕ್ತಿ, ಹೊಂದಾಣಿಕೆಗಳು ಒಂದು ಕಡೆ. ವಾಕ್ಯದೊಳಗಿನ ನಡವಳಿಕೆ ಇನ್ನೊಂದು ಕಡೆ. ಕನ್ನಡದ ಈ ವಾಕ್ಯದಲ್ಲಿ ಅವೆರಡೂ ಬೇರೆಬೇರೆ ನಾಮಪದಕ್ಕೆ ಹೋಗಿವೆ.

ಈಗ ಪ್ರಶ್ನೆ ತಾನಾಗಿ ಚಿಕ್ಕದಾಗುತ್ತದೆ: (4) ‘ತನ್ನ ಅಣ್ಣನಿಗೆ ರಾಧೆ ನೆನಪಾದಳು’ ಅಂದಾಗ ‘ತನ್ನ’ ರಾಧೆಗೆ ಸೇರಬಹುದಾ? ಸೇರಿದರೆ ‘ತನ್ನ’ ಪರೀಕ್ಷೆಯನ್ನು ಎಷ್ಟು ನಂಬಬಹುದು? ಇದಕ್ಕೆ ಉತ್ತರ ಕೊಡಬಹುದು, ಅಲ್ವಾ?

ಡೇಟಾ ಇಡುವಾಗ ಪಕ್ಕದ ರಚನೆಯನ್ನೂ ಮರೆಯಬೇಡಿ. ‘ತಂಗಿಯ ನೆನಪಾಯಿತು’ ಅಂತಲೂ ಜನ ಹೇಳುತ್ತಾರೆ, ಅಲ್ಲಿ ಕ್ರಿಯಾಪದ ‘ನೆನಪು’ ಪದದ ಜೊತೆ ಹೊಂದುತ್ತದೆ. ನೀವು ಅದನ್ನು ಹೇಳದೆ ಬಿಟ್ಟರೆ ಬರುವ ಮೊದಲ ಉತ್ತರ ಅದರ ಬಗ್ಗೆಯೇ ಇರುತ್ತದೆ, ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ.

ಬರೆಯುವ ಕ್ರಮಕ್ಕೆ ಲೈಪ್‌ಜಿಗ್ ಗ್ಲಾಸಿಂಗ್ ನಿಯಮಗಳು ಇವೆ. ಹತ್ತೇ ನಿಯಮ. ಮೊದಲ ಸಾಲಿನಲ್ಲಿ ವಾಕ್ಯ, ಅದರ ಕೆಳಗೆ ಪ್ರತಿ ಪದಕ್ಕೂ ಪ್ರತ್ಯಯಕ್ಕೂ ನೇರವಾಗಿ ಅರ್ಥ, ಕೊನೆಯಲ್ಲಿ ಇಡೀ ವಾಕ್ಯದ ಅನುವಾದ. ಮೇಲಿನ ಸಾಲಿನಲ್ಲಿ ಪದದ ಭಾಗಗಳನ್ನು ಬಿಡಿಸಿ ತೋರಿಸುವ ಅಡ್ಡಗೆರೆ ಎಷ್ಟು ಇವೆಯೋ ಕೆಳಗೂ ಅಷ್ಟೇ ಇರಬೇಕು. ಇದೊಂದನ್ನು ಪಾಲಿಸಿದರೂ ನಿಮ್ಮ ಭಾಷೆ ಗೊತ್ತಿಲ್ಲದವರು ನಿಮ್ಮ ಡೇಟಾ ಓದಬಲ್ಲರು. ಕನ್ನಡ ಲಿಪಿಯಲ್ಲಿ ಒಂದು ತೊಡಕಿದೆ. ‘ನೆನಪಾದಳು’ ಪದವನ್ನು ಬಿಡಿಸಹೊರಟರೆ ಗಡಿ ಅಕ್ಷರದ ನಡುವೆಯೇ ಬೀಳುತ್ತದೆ, ಯಾಕೆಂದರೆ ವ್ಯಂಜನವೂ ಸ್ವರವೂ ಒಂದೇ ಅಕ್ಷರದಲ್ಲಿ ಕೂಡಿಕೊಂಡಿವೆ. ಆದ್ದರಿಂದ ಬಿಡಿಸಿದ ಸಾಲನ್ನು ಐಪಿಎಯಲ್ಲೋ (ಎಲ್ಲ ಭಾಷೆಗಳ ಧ್ವನಿಗಳನ್ನು ಬರೆಯುವ ಅಂತಾರಾಷ್ಟ್ರೀಯ ಲಿಪಿ) ಬೇರೆ ಲಿಪ್ಯಂತರದಲ್ಲೋ ಕೊಡಿ. ಯೂನಿಕೋಡ್ ಫಾಂಟ್ ಬಳಸಿ, ಜೊತೆಗೆ ಪಿಡಿಎಫ್ ಕಳಿಸಿ. ಎಷ್ಟೋ ಸಲ ಆ ಕಡೆ ತೆರೆದಾಗ ಐಪಿಎ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವೆ.

ನಕ್ಷತ್ರ ಚಿಹ್ನೆಯ ಬಗ್ಗೆಯೂ ಹೇಳಬೇಕು. ವಾಕ್ಯರಚನೆಯವರಿಗೆ ನಕ್ಷತ್ರ ಅಂದರೆ ‘ಹೀಗೆ ಹೇಳುವುದಿಲ್ಲ’. ಚರಿತ್ರೆಯ ಕೆಲಸ ಮಾಡುವವರಿಗೆ ಅದೇ ಚಿಹ್ನೆ ‘ದಾಖಲೆಯಲ್ಲಿ ಸಿಕ್ಕಿಲ್ಲ, ನಾವು ಊಹಿಸಿ ಕಟ್ಟಿದ ಹಳೆಯ ರೂಪ’. ನೀವು ಯಾರಿಗೆ ಬರೆಯುತ್ತಿದ್ದೀರಿ ನೋಡಿಕೊಂಡು, ಯಾವ ಅರ್ಥದಲ್ಲಿ ಬಳಸಿದ್ದೀರಿ ಅಂತ ಒಂದು ಸಾಲು ಸೇರಿಸಿ.

ವಾಕ್ಯ ಸರಿ, ತಪ್ಪು ಅಂತ ತೀರ್ಪು ಕೊಟ್ಟವರು ಯಾರು ಅನ್ನುವುದನ್ನೂ ಬರೆಯಿರಿ. ನೀವೊಬ್ಬರೇನಾ? ಎಷ್ಟು ಜನರನ್ನು ಕೇಳಿದಿರಿ? ಎಲ್ಲರೂ ಒಪ್ಪಿದರಾ? ಸಂಶೋಧಕರ ಸ್ವಂತ ತೀರ್ಪುಗಳನ್ನು ನಂಬಬಾರದು ಅನ್ನುವವರಿದ್ದಾರೆ. 2013ರಲ್ಲಿ ಸ್ಪ್ರೌಸ್, ಶುಟ್ಸ, ಅಲ್ಮೇಡಾ ಅವರು ಒಂದು ಪ್ರಮುಖ ಪತ್ರಿಕೆಯ ಹತ್ತು ವರ್ಷಗಳ ಇಂಗ್ಲಿಷ್ ಉದಾಹರಣೆಗಳಿಂದ ಕೆಲವನ್ನು ಆರಿಸಿ ಜನರ ಮುಂದಿಟ್ಟು ಪರೀಕ್ಷಿಸಿದರು. ಸುಮಾರು ಶೇ. 95ರಷ್ಟು ಕಡೆ ಜನರ ಉತ್ತರ ಸಂಶೋಧಕರ ತೀರ್ಪಿಗೆ ಹೊಂದಿತು. ಅಂದರೆ ಸ್ವಂತ ತೀರ್ಪು ತೀರಾ ಕಡೆಗಣಿಸುವಂಥದ್ದಲ್ಲ. ಆದರೆ ನೀವು ಸಲಹೆ ಕೇಳಲು ಹೊರಟಿರುವುದು ಸಾಮಾನ್ಯವಾಗಿ ಗೊಂದಲದ ಜಾಗದಲ್ಲೇ. ಅಲ್ಲಿ ಇಬ್ಬರು ಒಪ್ಪಿದರು, ಮೂರನೆಯವರು ತಡವರಿಸಿದರು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಆ ತಡವರಿಕೆಯೇ ಒಳ್ಳೆಯ ಸುಳಿವಾಗಿರಬಹುದು.

ಧ್ವನಿಯ ಪ್ರಶ್ನೆಯಾದರೆ ರೆಕಾರ್ಡಿಂಗ್ ಕಳಿಸಿ. ಫೋನಿನ ವಾಯ್ಸ್ ಮೆಸೇಜ್ ಬೇಡ, ಅದು ಗಾತ್ರ ಕುಗ್ಗಿಸುವಾಗ ಧ್ವನಿಯ ಸೂಕ್ಷ್ಮಗಳನ್ನು ಅಳಿಸಿಬಿಡುತ್ತದೆ. 44.1 ಕಿಲೋಹರ್ಟ್ಸ್, 16 ಬಿಟ್‌ನ ವೇವ್ ಫೈಲ್ ಸಾಕು. ಧ್ವನಿ ಅಳೆಯುವ ತಂತ್ರಾಂಶವಾದ ಪ್ರಾಟ್ ಬಳಸಿದ್ದರೆ ಗಡಿ ಗುರುತಿಸಿದ ಟೆಕ್ಸ್ಟ್‌ಗ್ರಿಡ್ ಫೈಲನ್ನೂ ಸೇರಿಸಿ. ‘ಇದು ಮಹಾಪ್ರಾಣವಾ?’ ಅಂತ ಕೇಳುವುದಕ್ಕಿಂತ ‘ಸ್ಫೋಟದಿಂದ ಸ್ವರದ ಕಂಪನ ಶುರುವಾಗುವವರೆಗೆ ನಾನು ಇಲ್ಲಿಂದ ಇಲ್ಲಿಗೆ ಅಳೆದಿದ್ದೇನೆ, ಗಡಿ ಸರಿಯಿದೆಯಾ?’ ಅಂತ ಕೇಳಿ. ಲಿಸ್ಕರ್ ಮತ್ತು ಅಬ್ರಾಮ್ಸನ್ 1964ರಲ್ಲಿ ಈ ಅಳತೆಯನ್ನು ಬಳಕೆಗೆ ತಂದಾಗಿನಿಂದ ಅದರ ಬಗ್ಗೆ ಅನುಭವ ಇರುವವರು ಬೇಕಾದಷ್ಟು ಇದ್ದಾರೆ.

ಕಳಿಸುವ ಮುಂಚೆ ಮಾತಾಡಿದವರ ಒಪ್ಪಿಗೆ ನೋಡಿಕೊಳ್ಳಿ. ‘ನಿಮ್ಮ ಸಂಶೋಧನೆಗೆ ಬಳಸಿಕೊಳ್ಳಿ’ ಅಂದವರು ‘ಬೇರೆಯವರಿಗೂ ಕಳಿಸಿ’ ಅಂದಿರಬೇಕೆಂದಿಲ್ಲ. ಒಪ್ಪಿಗೆ ಇಲ್ಲದಿದ್ದರೆ ರೆಕಾರ್ಡಿಂಗ್ ನಿಮ್ಮ ಹತ್ತಿರವೇ ಇರಲಿ, ಅಳತೆಗಳನ್ನು ಮಾತ್ರ ಕೊಡಿ. ಹೆಸರು, ಮನೆಯ ಸುದ್ದಿ ಇರುವ ತುಣುಕನ್ನಂತೂ ಯಾವ ಕಾರಣಕ್ಕೂ ಹಂಚಬೇಡಿ. ಈ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವುದಿಲ್ಲ. ನಮ್ಮ ಇಡೀ ವಿದ್ಯೆ ನಿಂತಿರುವುದು ಆ ಜನ ನಮ್ಮನ್ನು ನಂಬಿ ಮಾತಾಡಿದ್ದರ ಮೇಲೆ.

4. ಯಾರನ್ನು ಕೇಳಬೇಕು?

ದೊಡ್ಡ ಹೆಸರಿನಿಂದ ಶುರುಮಾಡಬೇಡಿ. ಮೊದಲು ನಿಮ್ಮ ಜೊತೆಯಲ್ಲೇ ಸಂಶೋಧನೆ ಮಾಡುತ್ತಿರುವ ಗೆಳೆಯರಿಗೆ ತೋರಿಸಿ. ಅರ್ಧಕ್ಕರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಆಮೇಲೆ, ಅದೇ ವಿಷಯದ ಮೇಲೆ ಈಚೆಗೆ ಪಿಎಚ್‌ಡಿ ಮುಗಿಸಿದವರು. ಆ ಡೇಟಾ ಅವರ ತಲೆಯಲ್ಲಿ ಇನ್ನೂ ಹಸಿಯಾಗಿರುತ್ತದೆ. ನಿಮ್ಮ ಕಷ್ಟವೂ ಅವರಿಗೆ ನೆನಪಿರುತ್ತದೆ.

ನಿಮ್ಮದೇ ಸಿದ್ಧಾಂತದವರ ಜೊತೆಗೆ ಹೊರಗಿನವರೊಬ್ಬರನ್ನೂ ಖಂಡಿತ ಕೇಳಿ. ನೀವು ಜನರೇಟಿವ್ (ಚಾಮ್ಸ್ಕಿ ಹಾಕಿಕೊಟ್ಟ) ಚೌಕಟ್ಟಿನಲ್ಲಿ ಕೆಲಸ ಮಾಡುವವರಾದರೆ ಹಲವು ಭಾಷೆಗಳನ್ನು ಹೋಲಿಸುವವರಿಗೆ ತೋರಿಸಿ. ನೀವು ಹೋಲಿಸುವವರಾದರೆ ಒಂದೇ ಭಾಷೆಯನ್ನು ಆಳವಾಗಿ ಬಲ್ಲವರಿಗೆ ತೋರಿಸಿ. ನಮ್ಮ ಪಂಥದವರಿಗೆ ನಮ್ಮ ಕುರುಡುಜಾಗ ಕಾಣುವುದಿಲ್ಲ, ಯಾಕೆಂದರೆ ಅದು ಅವರದ್ದೂ ಹೌದು.

ಭಾಷೆಯನ್ನು ಆಡುವವರೇ ಭಾಷಾವಿಜ್ಞಾನಿಯೂ ಆಗಿದ್ದರೆ ಅವರಿಗೆ ನಿಮ್ಮ ಊಹೆಯನ್ನು ಮೊದಲೇ ಹೇಳಬೇಡಿ. ಮೊದಲು ವಾಕ್ಯ ಕೊಟ್ಟು ಹೇಗನ್ನಿಸುತ್ತದೆ ಕೇಳಿ, ವಿಶ್ಲೇಷಣೆ ಆಮೇಲೆ. ಊಹೆ ಗೊತ್ತಾದ ಮೇಲೆ ಕಿವಿ ಮೊದಲಿನ ಹಾಗೆ ಇರುವುದಿಲ್ಲ.

ವಿಧಾನದ ಪ್ರಶ್ನೆಯನ್ನು ಡೇಟಾ ಕೂಡಿಹಾಕುವ ಮುಂಚೆ ಕೇಳಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹರ್ಬರ್ಟ್ ಕ್ಲಾರ್ಕ್ 1973ರಲ್ಲಿ ತೋರಿಸಿದ ತೊಂದರೆಯೊಂದನ್ನು ನೋಡಿ. ನೀವು ಐವತ್ತು ಜನರಿಂದ ಡೇಟಾ ತಂದಿರಬಹುದು. ಆದರೆ ಬಳಸಿದ್ದು ನಾಲ್ಕೇ ಪದಗಳಾದರೆ, ನಿಮಗೆ ಸಿಕ್ಕಿದ್ದು ಆ ನಾಲ್ಕು ಪದಗಳ ಗುಣವೋ ಭಾಷೆಯ ಗುಣವೋ ಹೇಳಲಾಗುವುದಿಲ್ಲ. ಜನರನ್ನು ಆರಿಸುವಷ್ಟೇ ಎಚ್ಚರದಿಂದ ಪದಗಳನ್ನೂ ಆರಿಸಬೇಕು. ಅಂಕಿಅಂಶ ಬಲ್ಲವರು ಇದನ್ನು ಐದು ನಿಮಿಷದಲ್ಲಿ ಹೇಳಿಕೊಡುತ್ತಾರೆ. ರೆಕಾರ್ಡಿಂಗ್ ಎಲ್ಲ ಮುಗಿದ ಮೇಲೆ ಹೋದರೆ ಅವರೂ ಏನೂ ಮಾಡಲಾರರು.

ಹಾಗೆಯೇ ಚಿತ್ರ ತೋರಿಸಿ ಮಾತಾಡಿಸುವ ಯೋಜನೆ ಇದ್ದರೆ, ಹೊಸದಾಗಿ ಚಿತ್ರ ಬರೆಸುವ ಮುಂಚೆ ಈಗಾಗಲೇ ಏನಿದೆ ಅಂತ ವಿಚಾರಿಸಿ. ‘ಮೇಲೆ, ಒಳಗೆ, ಅಂಟಿಕೊಂಡು’ ಇಂಥ ಜಾಗದ ಸಂಬಂಧಗಳಿಗೆ ಬೋವರ್‌ಮನ್ ಮತ್ತು ಪೀಡರ್ಸನ್ ಅವರ 71 ಚಿತ್ರಗಳ ಸರಣಿ ಇದೆ. ಕಥೆ ಹೇಳಿಸಲು ವ್ಯಾಲೆಸ್ ಚೇಫ್ ತಂಡ 1975ರಲ್ಲಿ ಮಾಡಿದ ಸುಮಾರು ಆರು ನಿಮಿಷದ, ಮಾತಿಲ್ಲದ ಸಿನಿಮಾ ಇದೆ. ಎಷ್ಟೋ ಭಾಷೆಗಳಲ್ಲಿ ಇವನ್ನು ಬಳಸಿದ್ದಾರೆ. ನೀವೂ ಬಳಸಿದರೆ ಹೋಲಿಸುವ ಡೇಟಾ ಮೊದಲ ದಿನದಿಂದಲೇ ಕೈಲಿರುತ್ತದೆ.

5. ಇಮೇಲ್ ಬರೆಯಿರಿ

ಒಂದು ಪರದೆಯಲ್ಲಿ ಮುಗಿಯುವಷ್ಟು ಉದ್ದ ಸಾಕು. ಮಾದರಿ ಹೀಗಿರಬಹುದು:

ವಿಷಯ: ‘ನೆನಪಾಗು’ ವಾಕ್ಯಗಳಲ್ಲಿ ‘ತನ್ನ’ ಯಾರಿಗೆ ಸೇರುತ್ತದೆ?

‘ನಮಸ್ಕಾರ ಮೇಡಂ. ನಾನು ಕನ್ನಡದ ಚತುರ್ಥಿ ಕರ್ತೃಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಚತುರ್ಥಿ ನಾಮಪದ ‘ತನ್ನ’ ಪದವನ್ನು ನಿಯಂತ್ರಿಸುತ್ತದೆ ಅಂತ ನಿಮ್ಮ ಲೇಖನದಲ್ಲಿ ಹೇಳಿದ್ದೀರಿ. ಕೆಳಗಿನ (1) ಅದಕ್ಕೆ ಹೊಂದುತ್ತದೆ. ಆದರೆ (4)ರಲ್ಲಿ ‘ತನ್ನ’ ಪ್ರಥಮಾ ವಿಭಕ್ತಿಯ ರಾಧೆಗೂ ಸೇರಬಹುದು ಅಂತ ನಾನು ಕೇಳಿದವರಲ್ಲಿ ಕೆಲವರು ಹೇಳಿದರು, ಉಳಿದವರು ಒಪ್ಪಲಿಲ್ಲ. ಪದಗಳ ಅನುಕ್ರಮ ಬದಲಿಸಿಯೂ ನೋಡಿದ್ದೇನೆ, ಫಲಿತಾಂಶ ಜೊತೆಗಿರುವ ಒಂದು ಪುಟದಲ್ಲಿದೆ. ನನ್ನ ಪ್ರಶ್ನೆ ಒಂದೇ: ಈ ವ್ಯತ್ಯಾಸವನ್ನು ರಚನೆಯದ್ದು ಅಂತ ತೆಗೆದುಕೊಳ್ಳಬೇಕೋ, ಸಂದರ್ಭದ್ದು ಅಂತಲೋ? ಇದನ್ನು ಬೇರ್ಪಡಿಸುವ ಪರೀಕ್ಷೆ ನಿಮಗೆ ತೋಚಿದರೆ ಎರಡು ಸಾಲು ಬರೆದರೂ ತುಂಬಾ ಉಪಕಾರ. ಮುಂದಿನ ಸುತ್ತಿನ ಸಂದರ್ಶನ ಒಂದು ತಿಂಗಳ ನಂತರ ಇದೆ.’

ಇದರಲ್ಲಿ ಹೊಗಳಿಕೆ ಇಲ್ಲ, ಗಮನಿಸಿ. ಅವರ ಕೆಲಸ ಓದಿದ್ದೀರಿ ಅನ್ನುವುದು ಪ್ರಶ್ನೆಯಿಂದಲೇ ತಿಳಿಯುತ್ತದೆ, ಅದಕ್ಕಿಂತ ದೊಡ್ಡ ಗೌರವ ಇಲ್ಲ. ಇಡೀ ಥೀಸಿಸ್ ಅಂಟಿಸಿ ‘ಸಮಯ ಸಿಕ್ಕಾಗ ನೋಡಿ’ ಅಂತ ಬರೆಯಬೇಡಿ. ಅಂಥ ಸಮಯ ಯಾರಿಗೂ ಸಿಗುವುದಿಲ್ಲ. ಒಂದೇ ಇಮೇಲನ್ನು ಹತ್ತು ಜನರಿಗೆ ಒಟ್ಟಿಗೆ ಕಳಿಸುವುದೂ ಬೇಡ. ಉಳಿದ ಒಂಬತ್ತು ಜನ ಉತ್ತರಿಸುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ.

ಸಮ್ಮೇಳನದಲ್ಲಿ ಎದುರಿಗೆ ಸಿಕ್ಕರೆ ಇದೇ ಒಂದು ಪುಟದ ಹ್ಯಾಂಡ್‌ಔಟ್ ಕೈಲಿರಲಿ. ಉದಾಹರಣೆಗಳಿಗೆ ಸಂಖ್ಯೆ ಹಾಕಿರಿ. ಚಹಾದ ಬಿಡುವಿನಲ್ಲಿ ‘ಮೂರನೆಯದು ನೋಡಿ ಸರ್’ ಅಂದರೆ ಸಾಕು, ಮಾತು ಶುರುವಾಗುತ್ತದೆ.

ಉತ್ತರ ಬರದಿದ್ದರೆ ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ. ಒಮ್ಮೆ ಮಾತ್ರ. ಆಮೇಲೆ ಬೇರೆಯವರನ್ನು ಕೇಳಿ. ಮೌನವನ್ನು ನಿಮ್ಮ ಕೆಲಸದ ಮೇಲಿನ ತೀರ್ಪು ಅಂದುಕೊಳ್ಳಬೇಡಿ.

6. ಉತ್ತರ ಬಂದ ಮೇಲೆ

ಮೊದಲು ಅದೇ ದಿನ ‘ಸಿಕ್ಕಿತು, ಧನ್ಯವಾದ’ ಅಂತ ಬರೆಯಿರಿ. ವಾದ ಮಾಡುವುದಿದ್ದರೆ ನಾಲ್ಕು ದಿನ ತಡೆದು ಮಾಡಿ.

ಸಲಹೆಯನ್ನು ಓದುವಾಗ ಅದು ಯಾವ ನಂಬಿಕೆಯ ಮೇಲೆ ನಿಂತಿದೆ ಅಂತ ಹುಡುಕಿ. ಒಬ್ಬರು ‘ಇದು ಕರ್ತೃವೇ’ ಅಂದರು, ಇನ್ನೊಬ್ಬರು ‘ಅಲ್ಲವೇ ಅಲ್ಲ’ ಅಂದರು ಅಂದುಕೊಳ್ಳಿ. ಹೆಚ್ಚಾಗಿ ಅವರು ಡೇಟಾ ಬಗ್ಗೆ ಜಗಳವಾಡುತ್ತಿಲ್ಲ. ಮೊದಲನೆಯವರು ‘ತನ್ನ’ ಪರೀಕ್ಷೆಗೆ ತೂಕ ಕೊಟ್ಟಿದ್ದಾರೆ, ಎರಡನೆಯವರು ಕ್ರಿಯಾಪದದ ಹೊಂದಾಣಿಕೆಗೆ. ಆಗ ಯಾರ ಹೆಸರು ದೊಡ್ಡದು ಅಂತ ನೋಡಿ ಆರಿಸಿಕೊಳ್ಳುವುದು ತಪ್ಪು ದಾರಿ. ಇಬ್ಬರ ಮಾತಿನಿಂದಲೂ ಒಂದೊಂದು ಭವಿಷ್ಯವಾಣಿ ಹೊರಡಿಸಿ: ಮೊದಲನೆಯವರು ಸರಿಯಾದರೆ ಎಂಥ ವಾಕ್ಯ ಸಾಧ್ಯವಾಗಬೇಕು, ಎರಡನೆಯವರು ಸರಿಯಾದರೆ ಎಂಥದ್ದು ಕೆಡಬೇಕು? ಆ ವಾಕ್ಯಗಳನ್ನು ಭಾಷೆಯಾಡುವವರ ಮುಂದಿಡಿ. ಎಷ್ಟೋ ಒಳ್ಳೆಯ ಪೇಪರುಗಳು ಹುಟ್ಟುವುದು ಇಂಥ ಜಾಗದಲ್ಲೇ.

‘ಇದು ನನಗೆ ಟಾಪಿಕ್ (ಯಾರ ಬಗ್ಗೆ ಮಾತು ನಡೆದಿದೆಯೋ ಆ ಪದ) ಥರ ಕಾಣುತ್ತದೆ’ ಅಂತ ಅರ್ಧ ಮಾತಿನ ಉತ್ತರ ಬಂದರೆ, ‘ಟಾಪಿಕ್ ಅಲ್ಲ ಅಂತ ಸಾಬೀತಾಗಬೇಕಾದರೆ ನಾನು ಏನನ್ನು ತೋರಿಸಬೇಕು?’ ಅಂತ ಮರುಪ್ರಶ್ನೆ ಹಾಕಿ. ಇದಕ್ಕೆ ಬರುವ ಉತ್ತರ ಮೊದಲಿನದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಬೇಕಾದ ಉತ್ತರ ಸಿಗುವವರೆಗೆ ಒಬ್ಬರಾದ ಮೇಲೆ ಒಬ್ಬರನ್ನು ಕೇಳುತ್ತಾ ಹೋಗಬೇಡಿ. ಕೇಳಿದ್ದರೆ, ಒಪ್ಪದವರ ವಾದವನ್ನೂ ಬರಹದಲ್ಲಿ ತನ್ನಿ.

7. ಯಾರದ್ದು ಯಾರಿಗೆ ಸೇರಬೇಕೋ ಸೇರಿಸಿ

ಸಾಮಾನ್ಯ ಸಲಹೆಗೆ ಕೃತಜ್ಞತೆಯ ಪುಟದಲ್ಲಿ ಹೆಸರು. ನಿರ್ದಿಷ್ಟ ಹೊಳಹು ಅಥವಾ ಉದಾಹರಣೆ ಕೊಟ್ಟಿದ್ದರೆ, ಅದು ಬರುವ ಜಾಗದಲ್ಲೇ ‘ಖಾಸಗಿ ಸಂವಹನ’ ಅಂತ ಹೆಸರು, ವರ್ಷ. ಹಾಗೆ ಹಾಕುವ ಮುಂಚೆ ಆ ಸಾಲನ್ನು ಅವರಿಗೆ ಕಳಿಸಿ ಒಪ್ಪಿಗೆ ಪಡೆಯಿರಿ. ಸಂಜೆಯ ಮಾತಿನಲ್ಲಿ ಅಂದದ್ದನ್ನು ಅಚ್ಚಿನಲ್ಲಿ ನೋಡಲು ಎಲ್ಲರಿಗೂ ಇಷ್ಟವಿರುವುದಿಲ್ಲ. ವಿಶ್ಲೇಷಣೆಯ ಬೆನ್ನೆಲುಬೇ ಅವರದ್ದಾದರೆ ಸಹಲೇಖಕರಾಗುತ್ತೀರಾ ಅಂತ ನೇರವಾಗಿ ಕೇಳಿ. ಈ ಮಾತು ಬರಹ ಶುರುವಾಗುವ ಮುಂಚೆಯೇ ಆಗಿಬಿಡಬೇಕು.

ನನ್ನ ಐಡಿಯಾವನ್ನು ಬೇರೆಯವರು ಬಳಸಿಕೊಂಡುಬಿಟ್ಟರೆ ಅನ್ನುವ ಅಳುಕು ಸಹಜ. ಅದಕ್ಕೆ ಮುಚ್ಚಿಡುವುದು ಪರಿಹಾರವಲ್ಲ, ದಿನಾಂಕ ಹಾಕಿ ಹೊರಗಿಡುವುದು ಪರಿಹಾರ. ಹ್ಯಾಂಡ್‌ಔಟಿನ ಮೇಲೆ ಹೆಸರು, ತಾರೀಖು ಇರಲಿ. ಕರಡು ಒಂದು ಹಂತಕ್ಕೆ ಬಂದಾಗ ಲಿಂಗ್‌ಬಝ್‌ನಂಥ ಕಡೆ ಏರಿಸಿ. ಅಲ್ಲಿ ಪ್ರಕಟಣೆಗೆ ಮುಂಚಿನ ಪೇಪರುಗಳನ್ನು ಎಲ್ಲರೂ ಓದಬಹುದು, ನಿಮ್ಮದು ಯಾವತ್ತು ಬಂತು ಅನ್ನುವುದೂ ದಾಖಲಾಗುತ್ತದೆ.

ಭಾಷೆಯಾಡಿದವರಿಗೂ ಇದೇ ನ್ಯಾಯ. ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳಿ. ಕೆಲವರಿಗೆ ತಮ್ಮ ಹೆಸರು ಬರಬೇಕು ಅಂತ ಆಸೆಯಿರುತ್ತದೆ, ಕೆಲವರಿಗೆ ಬೇಡವಾಗಿರುತ್ತದೆ. ಸಂಶೋಧಕರೇ ಊಹಿಸಿ ನಿರ್ಧರಿಸುವುದು ಸರಿಯಲ್ಲ.

ಕೆಲಸ ಒಂದು ಘಟ್ಟ ಮುಟ್ಟಿದ ಮೇಲೆ ಸಲಹೆ ಕೊಟ್ಟ ಎಲ್ಲರಿಗೂ ಒಂದು ಪುಟ ಬರೆದು ಕಳಿಸಿ: ಪ್ರಶ್ನೆ ಏನಿತ್ತು, ಏನೇನು ಉತ್ತರ ಬಂದವು, ಪರೀಕ್ಷಿಸಿದಾಗ ಏನಾಯಿತು. ಅವರ ಮಾತು ಕೆಲಸಕ್ಕೆ ಬರಲಿಲ್ಲವಾದರೆ ಅದನ್ನೂ ಕಾರಣದ ಜೊತೆ ತಿಳಿಸಿ. ಪೇಪರ್ ಅಚ್ಚಾದಾಗ ಪಿಡಿಎಫ್ ಕಳಿಸಿ, ಅವರ ಸಲಹೆ ಯಾವ ಪುಟದಲ್ಲಿ ಬಂದಿದೆ ಅಂತ ಇಮೇಲಿನಲ್ಲಿ ಗುರುತಿಸಿ.